ಹೈರೂಲ್‌ನ ಇತಿಹಾಸ, ಆಟಗಾರನ ನೆನಪು

ಜಪಾನಿನ ನಿಂಟೆಂಡೊ ಕಂಪನಿ 1986ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಆಟದ ಕಥೆ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವಷ್ಟಿತ್ತು. ಹೈರೂಲ್ ಎಂಬ ರಾಜ್ಯ, ಅಲ್ಲಿನ ರಾಜಕುಮಾರಿ ಜೆಲ್ಡಾ, ಅವಳನ್ನು ಸೆರೆಯಲ್ಲಿಟ್ಟ ಗ್ಯಾನನ್, ಬಿಡಿಸಲು ಹೊರಟ ಹುಡುಗ ಲಿಂಕ್. ಅಲ್ಲಿಂದ ಬೆಳೆದ ಸರಣಿಗೆ ಈಗ ನಲವತ್ತು ವರ್ಷದ ಆಯಸ್ಸು. ಪ್ರತಿ ಆಟದಲ್ಲೂ ಲಿಂಕ್ ಇದ್ದಾನೆ, ಆದರೆ ಹೆಚ್ಚಿನ ಆಟಗಳಲ್ಲಿ ಅವನು ಅದೇ ಹೆಸರಿನ, ಬೇರೊಂದು ಕಾಲದ ಹುಡುಗ. ಜೆಲ್ಡಾ ಎಂಬ ಹೆಸರು ಮರುಕಳಿಸುವುದಕ್ಕೆ 1987ರ ಎರಡನೆಯ ಆಟವೇ ಒಂದು ಕಾರಣ ಕಟ್ಟಿಕೊಟ್ಟಿತ್ತು: ಹಿಂದೊಮ್ಮೆ ಜೆಲ್ಡಾ ಎಂಬ ರಾಜಕುಮಾರಿ ಮಾಟಕ್ಕೆ ಸಿಕ್ಕಿ ಏಳದ ನಿದ್ದೆಗೆ ಜಾರಿದಳು, ನೊಂದ ಅಣ್ಣ ಇನ್ನು ಮುಂದೆ ಅರಮನೆಯಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆಲ್ಲ ಅದೇ ಹೆಸರಿಡಬೇಕೆಂದು ಕಟ್ಟಳೆ ಮಾಡಿದ. ಹೀಗೆ ತಲೆಮಾರುಗಳ ಲೆಕ್ಕ ಶುರುವಾದ ಮೇಲೆ ಯಾವ ಆಟ ಮೊದಲಿನದು, ಯಾವುದು ನಂತರದ್ದು ಎಂಬ ಪ್ರಶ್ನೆ ತಪ್ಪಿಸಲಾಗದ್ದಾಯಿತು. ಅದರ ಜೊತೆಗೇ ಒಂದು ಆಟದ ಮಾತು ಇನ್ನೊಂದರ ಮಾತಿಗೆ ಹೊಂದದ ಜಾಗಗಳೂ ಕಾಣತೊಡಗಿದವು.

1991ರ ‘ಎ ಲಿಂಕ್ ಟು ದಿ ಪಾಸ್ಟ್’ ತನ್ನ ಹಿನ್ನೆಲೆಯಾಗಿ ಒಂದು ಪುರಾತನ ಯುದ್ಧವನ್ನು ಹೇಳಿತು. ಕಳ್ಳರ ಗುಂಪಿನ ನಾಯಕನೊಬ್ಬ ಟ್ರೈಫೋರ್ಸ್ ಎಂಬ ದೇವತೆಗಳ ದಿವ್ಯವಸ್ತುವನ್ನು ವಶಪಡಿಸಿಕೊಂಡು ಗ್ಯಾನನ್ ಆದ, ಏಳು ಮಂದಿ ಜ್ಞಾನಿಗಳು ಅವನನ್ನು ಬಂಧಿಸಿಟ್ಟರು. ಏಳು ವರ್ಷದ ನಂತರ, 1998ರಲ್ಲಿ, ‘ಒಕರಿನಾ ಆಫ್ ಟೈಮ್’ ಆ ಪುರಾತನ ಕಾಲವನ್ನೇ ತೆರೆಯ ಮೇಲೆ ತಂದಾಗ ವಿವರಗಳು ಬೇರೆಯಾಗಿದ್ದವು. ಇಲ್ಲಿ ಆ ಕಳ್ಳರ ನಾಯಕ ಗ್ಯಾನನ್‌ಡಾರ್ಫ್ ಮುಟ್ಟಿದ ಕೂಡಲೇ ಟ್ರೈಫೋರ್ಸ್ ಮೂರು ಚೂರಾಗುತ್ತದೆ, ಅವನಿಗೆ ದಕ್ಕುವುದು ಒಂದೇ ಚೂರು. ಅದೇ ವರ್ಷ, ಸರಣಿಯನ್ನು ಹುಟ್ಟುಹಾಕಿದ ಶಿಗೆರು ಮಿಯಾಮೊಟೊ ಸಂದರ್ಶನವೊಂದರಲ್ಲಿ ‘ಎ ಲಿಂಕ್ ಟು ದಿ ಪಾಸ್ಟ್’ ಆಟವನ್ನು ಕಾಲಕ್ರಮದ ಕೊನೆಗೆ ಇಟ್ಟರು. ಆ ಆಟದ ಡಬ್ಬಿಯ ಮೇಲಾದರೋ ಇದು ಮೊದಲ ಆಟದ ಲಿಂಕ್ ಮತ್ತು ಜೆಲ್ಡಾರ ಪೂರ್ವಿಕರ ಕಥೆ ಎಂದೇ ಅಚ್ಚಾಗಿತ್ತು. ಸರಣಿಯ ಕರ್ತೃವಿನ ಮಾತೂ ಕಂಪನಿಯ ಡಬ್ಬಿಯ ಮಾತೂ ಹೊಂದದಿದ್ದಾಗ ಆಟಗಾರರು ತಾವೇ ಪಟ್ಟಿ ಕಟ್ಟಿಕೊಳ್ಳಲು ಕುಳಿತದ್ದರಲ್ಲಿ ಆಶ್ಚರ್ಯವಿಲ್ಲ.

‘ಒಕರಿನಾ’ದ ಕೊನೆಯಲ್ಲಿ ಜೆಲ್ಡಾ ಲಿಂಕ್‌ನನ್ನು ಅವನ ಬಾಲ್ಯಕ್ಕೆ ಹಿಂದಿರುಗಿಸುತ್ತಾಳೆ. ಇದರಿಂದ ಕಾಲ ಎರಡು ಕವಲಾಯಿತು. ಅವನು ಬಿಟ್ಟುಹೋದ ಕಾಲದ ಮುಂದಿನ ಕಥೆಯನ್ನು 2002ರ ‘ವಿಂಡ್ ವೇಕರ್’ ಹೇಳಿತು, ಹಿಂದಿರುಗಿದ ಕಾಲದ್ದನ್ನು 2006ರ ‘ಟ್ವೈಲೈಟ್ ಪ್ರಿನ್ಸೆಸ್’ ಹೇಳಿತು. ಇಷ್ಟರಮಟ್ಟಿಗೆ ಏರ್ಪಾಡು ಸೊಗಸಾಗಿದೆ. ಹಳೆಯ ಆಟಗಳು ಮಾತ್ರ ಎರಡೂ ಕವಲಿಗೆ ಕೂಡಲಿಲ್ಲ. 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಹೈರೂಲ್ ಹಿಸ್ಟೋರಿಯಾ’ ಎಂಬ ಅಧಿಕೃತ ಪುಸ್ತಕ ಅವುಗಳಿಗಾಗಿ ಮೂರನೆಯ ಕವಲನ್ನು ತಂದಿತು: ಕೊನೆಯ ಕಾಳಗದಲ್ಲಿ ನಾಯಕನೇ ಸೋತುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು. ಇದನ್ನು ತೇಪೆ ಎಂದೇ ಕರೆಯಬೇಕು. ‘ಒಕರಿನಾ’ದ ಯಾವ ಮುಕ್ತಾಯದಲ್ಲೂ ಆ ಸೋಲು ಇಲ್ಲ. ಆಟಗಾರ ಸತ್ತಾಗ ತೆರೆಯ ಮೇಲೆ ಮೂಡುವ ‘ಗೇಮ್ ಓವರ್’ ಎಂಬ ಎರಡು ಪದವನ್ನೇ ಎಳೆದು ಒಂದು ಯುಗದ ಇತಿಹಾಸ ಮಾಡಿದಂತಾಯಿತು. ಆ ಪುಸ್ತಕದ ಪಟ್ಟಿಯೂ ಸ್ಥಿರವಾಗಿ ನಿಲ್ಲಲಿಲ್ಲ, ಕೆಲವು ಆಟಗಳ ಸ್ಥಾನವನ್ನು ಕಂಪನಿ ಮುಂದೆ ತಾನೇ ಬದಲಿಸಿತು.

ಸರಣಿಯ ದೋಷ ಹುಡುಕುವವರು ಸಾಮಾನ್ಯವಾಗಿ ಈ ಪಟ್ಟಿಯ ಮೇಲೇ ಮುಗಿಬೀಳುತ್ತಾರೆ. ನನ್ನ ಮಟ್ಟಿಗೆ ಅದು ದೊಡ್ಡ ದೋಷವಲ್ಲ. ಕಾದಂಬರಿಯಲ್ಲಾಗಲಿ ಸಿನಿಮಾದಲ್ಲಾಗಲಿ ನಾವು ಕಥೆಯನ್ನು ತಿಳಿದುಕೊಳ್ಳುತ್ತೇವೆ. ಆಟದಲ್ಲಿ ಅದರ ಜೊತೆಗೆ ನಾವೇ ಒಂದಷ್ಟು ಕೆಲಸ ಮಾಡಿರುತ್ತೇವೆ: ಆ ಬೆಟ್ಟ ಹತ್ತಿದ್ದು ನಾವು, ಆ ಊರಿನವನ ಕಳೆದುಹೋದ ಕೋಳಿಗಳನ್ನು ಹಿಡಿದು ತಂದದ್ದೂ ನಾವು. ಹಾಗಾಗಿ ಮುಂದಿನ ಭಾಗದ ಕಥೆಗಾರ ಮೊದಲು ಉತ್ತರ ಹೇಳಬೇಕಾದದ್ದು ಆಟಗಾರ ಮಾಡಿದ ಕೆಲಸಕ್ಕೆ. ಯುಗಗಳ ಕಾಲಕ್ರಮ ಆಮೇಲಿನ ಮಾತು. ‘ವಿಂಡ್ ವೇಕರ್’ ಇದನ್ನು ಚೆನ್ನಾಗಿ ಬಲ್ಲ ಆಟ. ಅದರ ಕಥೆ ನಡೆಯುವುದು ದ್ವೀಪಗಳ ನಡುವೆ, ಹೈರೂಲ್ ಇರುವುದು ಕಡಲಿನ ತಳದಲ್ಲಿ. ಅಲ್ಲಿಗಿಳಿದು, ಕಾಲ ಸ್ತಬ್ಧವಾಗಿ ನಿಂತ ಕೋಟೆಯ ನೆಲಮಾಳಿಗೆ ಹೊಕ್ಕರೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ‘ಒಕರಿನಾ’ದ ಜ್ಞಾನಿಗಳ ಚಿತ್ರಗಳಿವೆ. ಹಿಂದಿನ ಆಟ ಆಡಿದವರಿಗೆ ಆ ಮುಖಗಳ ಗುರುತು ಸಿಗುತ್ತದೆ, ಅವರನ್ನು ಎಬ್ಬಿಸಿದ್ದು ತಮ್ಮದೇ ಕೈ ಎಂಬುದು ನೆನಪಾಗುತ್ತದೆ. ಎರಡು ಆಟಗಳ ನಡುವೆ ನೂರಾರು ವರ್ಷಗಳ ಅಂತರವಿದೆ, ಆ ಅವಧಿಯ ಬಹುಪಾಲು ಸಂಗತಿ ನಮಗೆ ತಿಳಿಯದು. ಆದರೂ ಎಳೆ ಕಡಿದಂತೆ ಅನ್ನಿಸುವುದಿಲ್ಲ.

2017ರ ‘ಬ್ರೆತ್ ಆಫ್ ದಿ ವೈಲ್ಡ್’ ಮತ್ತು 2023ರ ‘ಟಿಯರ್ಸ್ ಆಫ್ ದಿ ಕಿಂಗ್ಡಮ್’ ಆಟಗಳಲ್ಲಿ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಅದೇ ಲಿಂಕ್, ಅದೇ ಜೆಲ್ಡಾ, ಅದೇ ನೆಲ, ನಡುವೆ ಕೆಲವೇ ವರ್ಷಗಳು. ಆದರೆ ಮೊದಲ ಆಟದ ಜೀವಾಳವಾಗಿದ್ದ ಶೀಕಾ ಜನರ ಯಂತ್ರಗಳು ಎರಡನೆಯದರಲ್ಲಿ ಹೆಚ್ಚುಕಡಿಮೆ ಮಾಯ. ಬೆಂಕಿಕಿರಣ ಉಗುಳುತ್ತಾ ಬೆನ್ನಟ್ಟುತ್ತಿದ್ದ ಗಾರ್ಡಿಯನ್‌ಗಳಿಲ್ಲ, ನೂರಕ್ಕೂ ಹೆಚ್ಚಿದ್ದ ಗುಡಿಗಳಿಲ್ಲ, ಬೆಟ್ಟದಷ್ಟು ದೊಡ್ಡ ನಾಲ್ಕು ಯಂತ್ರಪ್ರಾಣಿಗಳೂ ಇಲ್ಲ. ಲಿಂಕ್ ನೂರು ವರ್ಷ ಮಲಗಿದ್ದ ಗುಹೆ ಬರಿದಾಗಿದೆ. ಇವೆಲ್ಲ ಏನಾದವು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹಿಂದಿನ ಆಟದಲ್ಲಿ ಪರಿಚಯವಾಗಿದ್ದ ಹಲವರು ಲಿಂಕ್‌ನನ್ನು ಹೊಸಬನಂತೆ ಮಾತಾಡಿಸುತ್ತಾರೆ. ಹಟೆನೊ ಊರಿನಲ್ಲಿ ಆಟಗಾರ ಮೂರು ಸಾವಿರ ರುಪೀ ಕೂಡಿಟ್ಟು, ಕಟ್ಟಿಗೆ ಕಡಿದು ಹೊತ್ತು ತಂದು ಕೊಂಡಿದ್ದ ಮನೆ ಈಗ ಊರಿನವರ ಬಾಯಲ್ಲಿ ಜೆಲ್ಡಾಳ ಮನೆ. ಆ ಶೀಕಾ ಯಂತ್ರಗಳು ಮೊದಲ ಆಟದ ವಿಪತ್ತು ಅಡಗಿದ ಮೇಲೆ ಕಾಣೆಯಾದವು, ಕಾರಣ ಯಾರಿಗೂ ತಿಳಿಯದು ಎಂದು ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಸಂದರ್ಶನವೊಂದರಲ್ಲಿ ವಿವರಿಸಿದರು. ಆಟದ ಒಳಗೆ ಯಾವನಾದರೂ ಮುದುಕನ ಬಾಯಿಂದ ಬರಬೇಕಿದ್ದ ಮಾತು ಇದು.

ಇದೇ 2023ರ ಆಟ ಹೈರೂಲ್‌ನ ಮೊದಲ ರಾಜನನ್ನು ತೋರಿಸುತ್ತದೆ, ಅವನ ಕಾಲದಲ್ಲೇ ಒಬ್ಬ ಗ್ಯಾನನ್‌ಡಾರ್ಫ್ ಕೋಟೆಯ ಕೆಳಗೆ ಬಂಧಿಯಾಗುತ್ತಾನೆ. ಹಾಗಿದ್ದಲ್ಲಿ ‘ಒಕರಿನಾ’ದ ಗ್ಯಾನನ್‌ಡಾರ್ಫ್ ಯಾರು? ‘ವಿಂಡ್ ವೇಕರ್’ನಲ್ಲಿ ಪ್ರಳಯದ ನಂತರ ಝೋರಾ ಜನರಿಂದಲೇ ಹುಟ್ಟಿಬಂದ ಹಕ್ಕಿಮನುಷ್ಯರು, ಆ ರಿಟೊಗಳು, ಇಲ್ಲಿ ರಾಜ್ಯ ಸ್ಥಾಪನೆಯ ಕಾಲದಲ್ಲೇ ಝೋರಾಗಳ ಪಕ್ಕದಲ್ಲಿ ನಿಂತಿರುವುದು ಹೇಗೆ? ಅಭಿಮಾನಿಗಳನ್ನು ಹೆಚ್ಚು ಕಾಡುವುದು ಇಂಥ ಪ್ರಶ್ನೆಗಳೇ. ಹಳೆಯ ಹೈರೂಲ್ ಅಳಿದು ಇನ್ನೊಂದು ಎದ್ದಿರಬಹುದು ಎಂಬ ಒಂದೇ ಊಹೆ ಸಾಕು, ಇವೆಲ್ಲಕ್ಕೂ ಸಮಾಧಾನ ಸಿಗುತ್ತದೆ; ತಯಾರಕರು ಆ ಸಾಧ್ಯತೆಗೆ ಬಾಗಿಲು ತೆರೆದೇ ಇಟ್ಟಿದ್ದಾರೆ. ಹಟೆನೊದ ಮನೆಗೆ ಅಂಥ ಊಹೆ ನಡೆಯುವುದಿಲ್ಲ.

ಸರಣಿಯ ಹೆಸರಿನಲ್ಲೇ ಐತಿಹ್ಯ ಎಂದಿದೆ, ಐತಿಹ್ಯವನ್ನು ಹೇಳುವವರು ತಮತಮಗೆ ತೋರಿದಂತೆ ಹೇಳುತ್ತಾರೆ, ಅದರಲ್ಲಿ ತಾಳೆ ಹುಡುಕುವುದೇಕೆ ಎಂಬ ಆಕ್ಷೇಪ ಬಲವಾದದ್ದು. ಬೇರೆ ಬೇರೆ ಯುಗದ ಆಟಗಳ ಮಟ್ಟಿಗೆ ನಾನದನ್ನು ಪೂರ್ತಿ ಒಪ್ಪುತ್ತೇನೆ. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ವ್ಯಾಸ ಹೇಳಿದ್ದು ಹೀಗಲ್ಲವೆಂದು ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆ ಬದಲಾವಣೆಯನ್ನು ತನ್ನ ಕಾವ್ಯದ ಉದ್ದಕ್ಕೂ ಅವನು ನಿಭಾಯಿಸಿದನೇ ಎಂಬುದನ್ನು ಮಾತ್ರ ವಿಮರ್ಶಕರು ಕೆದಕಿ ನೋಡಿದ್ದಾರೆ, ನೋಡಲೇಬೇಕು. 2017 ಮತ್ತು 2023ರ ಆಟಗಳು ಒಬ್ಬನೇ ನಾಯಕನ ಒಂದೇ ಬದುಕನ್ನು ಹೇಳುವುದರಿಂದ ಅವುಗಳಿಗೆ ಐತಿಹ್ಯದ ಆ ರಿಯಾಯಿತಿ ಸಲ್ಲದು.

ಆಟದಲ್ಲಿ ಆಡುವುದೇ ಮುಖ್ಯ, ಕಥೆ ಅದಕ್ಕೆ ಒಗ್ಗಿಕೊಳ್ಳಬೇಕು ಎಂಬ ಇನ್ನೊಂದು ವಾದವಿದೆ. ಈ ಸರಣಿಯನ್ನು ಕಟ್ಟುವವರು ನಂಬಿರುವುದೂ ಅದನ್ನೇ, ಅದರ ಫಲ ನಮ್ಮ ಮುಂದಿದೆ: ಯಾವ ದಿಕ್ಕಿಗಾದರೂ ಹೋಗಬಹುದಾದ ಆ ವಿಶಾಲ ಹೈರೂಲ್ ಅಂಥ ನಂಬಿಕೆಯಿಲ್ಲದೆ ಹುಟ್ಟುತ್ತಿರಲಿಲ್ಲ. ಆದರೆ ಆ ಸ್ವಾತಂತ್ರ್ಯ ಹೊಸ ಬಗೆಯ ಬಿರುಕನ್ನೂ ತಂದಿದೆ. ‘ಟಿಯರ್ಸ್’ನಲ್ಲಿ ಕಾಣೆಯಾದ ಜೆಲ್ಡಾ ಏನಾದಳೆಂಬ ಸತ್ಯ ನೆಲದ ಮೇಲಿನ ಭಾರೀ ರೇಖಾಚಿತ್ರಗಳಲ್ಲಿ ಅಡಗಿದೆ. ಆಟಗಾರ ಅವನ್ನು ಮೊದಲೇ ಹುಡುಕಿ ನೋಡಿದರೆ, ಅವಳು ಪುರಾತನ ಕಾಲದಲ್ಲಿ ಡ್ರ್ಯಾಗನ್ ಆಗಿ ಮಾರ್ಪಟ್ಟು ಅಂದಿನಿಂದಲೂ ಆಕಾಶದಲ್ಲಿ ಸುತ್ತುತ್ತಿದ್ದಾಳೆಂದು ಗೊತ್ತಾಗುತ್ತದೆ. ಆಮೇಲೂ ನಾಲ್ಕು ದಿಕ್ಕಿನ ಜನ ಅವಳಂತೆ ಕಾಣುವ ಮಾಯಾರೂಪವನ್ನು ಅವಳೆಂದೇ ನಂಬಿರುತ್ತಾರೆ, ಎಲ್ಲ ಬಲ್ಲ ಲಿಂಕ್ ತುಟಿ ಬಿಚ್ಚುವುದಿಲ್ಲ. ಜೆಲ್ಡಾಳದು ಆಟದ ಅತ್ಯಂತ ಹೃದಯಸ್ಪರ್ಶಿ ತ್ಯಾಗ. ಅದನ್ನು ಕಂಡವನಿಗೆ ಆ ಜನರಿಗೆ ಅದನ್ನು ಹೇಳುವ ದಾರಿಯೇ ಇಲ್ಲ. ಈ ತೊಡಕನ್ನು ಬಿಡಿಸಲು ಸ್ವಾತಂತ್ರ್ಯವನ್ನು ಮೊಟಕುಗೊಳಿಸಬೇಕಿಲ್ಲ. ಆಟಗಾರ ಯಾವ ರೇಖಾಚಿತ್ರ ನೋಡಿದ್ದಾನೆ, ಯಾವುದನ್ನು ನೋಡಿಲ್ಲ ಎಂಬ ದಾಖಲೆ ಯಂತ್ರದಲ್ಲಿ ಇದ್ದೇ ಇದೆ, ಅದರ ಪ್ರಕಾರ ನಾಲ್ಕಾರು ಸಂಭಾಷಣೆಗಳನ್ನು ಬೇರೆಯಾಗಿ ಬರೆಯಬಹುದಿತ್ತು. ಮಳೆಯಲ್ಲಿ ಬಂಡೆ ಜಾರುವುದನ್ನೂ ಬೆಂಕಿ ತಗುಲಿದ ಹುಲ್ಲಿನಿಂದ ಬಿಸಿಗಾಳಿ ಮೇಲೇಳುವುದನ್ನೂ ಇಷ್ಟು ಕಾಳಜಿಯಿಂದ ಲೆಕ್ಕ ಹಾಕುವ ಆಟದಲ್ಲಿ, ನೋಡಿದ್ದನ್ನು ಹೇಳಿಕೊಳ್ಳಲು ಲಿಂಕ್‌ಗೆ ಒಂದು ಅವಕಾಶ ಕೊಡುವುದು ಅಷ್ಟು ದೊಡ್ಡ ಕೆಲಸವಾಗುತ್ತಿರಲಿಲ್ಲ.