ಏದುಸಿರಿನವರಿಗೆ ‘ಆಗಲ್ಲ ಬಿಡು’ ಎನ್ನಿಸಿದಾಗ

ಭದ್ರಾವತಿ ನ್ಯೂಟೌನಿನ ಒಂದು ಮನೆ ಎಂದುಕೊಳ್ಳಿ. ಅಪ್ಪನಿಗೆ ದಮ್ಮು. ಹೋದ ವರ್ಷದವರೆಗೂ ಬೆಳಿಗ್ಗೆ ಹಾಲು ತರುವುದು ಅವರದೇ ಕೆಲಸ. ಈಗ ಬಾಗಿಲ ಬಳಿ ಅವರ ಚಪ್ಪಲಿಯ ಮೇಲೆ ಧೂಳು ಕೂತಿದೆ. ಕೇಳಿದರೆ, ‘ಆಗಲ್ಲ ಬಿಡು’ ಅನ್ನುತ್ತಾರೆ.

ಇದು ಖಿನ್ನತೆ, ಅಂದರೆ ಡಿಪ್ರೆಶನ್, ಇರಬಹುದು. ದಮ್ಮು ತರುವ ಕಾಯಿಲೆ ಹಲವು. ಸಿಒಪಿಡಿ ಎಂದರೆ ಶ್ವಾಸನಾಳ ಕಿರಿದಾಗಿ ಉಸಿರು ಸಲೀಸಾಗಿ ಹೊರಹೋಗದ ಕಾಯಿಲೆ. ಹಾರ್ಟ್ ಫೇಲ್ಯೂರ್ ಎಂದರೆ ಹೃದಯದ ಪಂಪು ದುರ್ಬಲವಾಗುವುದು. ಇವೆರಡರಲ್ಲೂ ಖಿನ್ನತೆ ಉಳಿದವರಿಗಿಂತ ಹೆಚ್ಚು. ಸಿಒಪಿಡಿ ಬೀಡಿ ಸೇದಿದವರ ಮಾತಷ್ಟೇ ಅಲ್ಲ. ಬಚ್ಚಲೊಲೆ ಊದಿ ಊದಿ ಹೊಗೆ ಕುಡಿದ ನಮ್ಮ ಮಲೆನಾಡಿನ ಅಮ್ಮಂದಿರದ್ದೂ ಇದೇ ಕಥೆ.

ನಡೆದರೆ ಏದುಸಿರು, ಅದಕ್ಕೆ ಭಯ. ಭಯಕ್ಕೆ ಕೂರುತ್ತಾರೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಆಮೇಲೆ ಹತ್ತು ಹೆಜ್ಜೆಗೇ ದಮ್ಮು. ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮಾತ್ರೆಯೂ ತಪ್ಪುತ್ತದೆ.

‘ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಎಲ್ಲ ಎದೆ ಕಾಯಿಲೆಯಿಂದಲೇ ಅಲ್ಲವೇ?’ ಎನ್ನುತ್ತೀರಿ. ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಬೇರೆ ಎರಡು ಪ್ರಶ್ನೆ ಕೇಳಿ. ಕಳೆದ 2 ವಾರ ಮನಸ್ಸು ಮಂಕಾಗಿತ್ತೇ? ಮೊದಲು ಇಷ್ಟವಿದ್ದದ್ದು ಈಗ ಬೇಡವಾಗಿದೆಯೇ? ಹೆಚ್ಚಿನ ದಿನ ಹಾಗಿದ್ದರೆ ವೈದ್ಯರಿಗೆ ಹೇಳಿ.

ದೇಹಕ್ಕೆ ಎಷ್ಟು ನಡೆಯಲು ಆಗುತ್ತದೆ ಎಂದು ತಿಳಿಯಲು ಅವರು 6 ನಿಮಿಷದ ನಡಿಗೆ ಪರೀಕ್ಷೆಯನ್ನೂ ಮಾಡಿಸಬಹುದು. ಸಮತಟ್ಟಾದ ಕಾರಿಡಾರಿನಲ್ಲಿ ನಿಮ್ಮ ವೇಗದಲ್ಲಿ ನಡೆಯಬೇಕು. ಸುಸ್ತಾದರೆ ನಿಲ್ಲಬಹುದು. ಎಷ್ಟು ಮೀಟರ್ ನಡೆದಿರಿ ಎಂಬುದೇ ಲೆಕ್ಕ.

ಚಿಕಿತ್ಸೆಗೆ ಆಪ್ತಸಮಾಲೋಚನೆ ಇದೆ, ಮಾತ್ರೆ ಇದೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು; ಎಂಟೇ ದಿನಕ್ಕೆ ಬಿಡಬೇಡಿ. ಪಲ್ಮನರಿ ರಿಹ್ಯಾಬ್ ಎಂಬುದು ವೈದ್ಯರು, ಫಿಸಿಯೋಥೆರಪಿಸ್ಟ್ ಹೇಳಿಕೊಡುವ ನಡಿಗೆ, ಉಸಿರಾಟದ ತರಬೇತಿ. ಮೂಗಿನಿಂದ ಉಸಿರೆಳೆದು, ತುಟಿ ಗುಂಡಗೆ ಮಾಡಿ, ದೀಪ ಆರದೆ ಅಲುಗಾಡುವಷ್ಟು ಮೆಲ್ಲಗೆ ಬಿಡುವುದು ಅದರ ಒಂದು ಪಾಠ. ನನ್ನನ್ನು ಕೇಳಿದರೆ, ಕಾಲಿಗೆ ಬಲ ಬಂದಂತೆ ಮನಸ್ಸಿಗೂ ಬರುತ್ತದೆ.

ಒಂದು ಎಚ್ಚರಿಕೆ: ನಿದ್ದೆ ಬರಲಿಲ್ಲವೆಂದು ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತರಬೇಡಿ. ಕೆಲವು ಮಾತ್ರೆಗಳು ಸಿಒಪಿಡಿಯವರ ಉಸಿರಾಟವನ್ನೇ ತಗ್ಗಿಸುತ್ತವೆ.

ಖರ್ಚಿನ ಚಿಂತೆಯೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಭದ್ರಾವತಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಮನೋಚೈತನ್ಯ’ದ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿ. ಹೊರಗೆ ಕೊಳ್ಳುವ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಅಗ್ಗ.

ಹೋಗುವಾಗ ಹೃದಯದ್ದು, ಶ್ವಾಸಕೋಶದ್ದು, ಎಲ್ಲ ಮಾತ್ರೆ ಚೀಟಿ, ಇನ್‌ಹೇಲರ್ ಒಂದೇ ಚೀಲದಲ್ಲಿ ಒಯ್ಯಿರಿ. ‘ಬದುಕಿದ್ದೇನು ಪ್ರಯೋಜನ’ ಎಂಬ ಮಾತು ಬಂದಿದ್ದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ 14416ಕ್ಕೆ ಕರೆ ಮಾಡಿ.