ಚೇಳು ತೆರೆಯುವ ಬಾಗಿಲು, ಲಿಗ್ನೊಕೇನ್ ಮುಚ್ಚುವ ಬಾಗಿಲು

ಶ್ರೀನಿವಾಸಪುರ ತಾಲ್ಲೂಕಿಗೆ ಮೇ, ಜೂನ್ ಎಂದರೆ ಮಾವಿನ ಸುಗ್ಗಿ. ಆಂಧ್ರದ ಗಡಿಗೆ ಹತ್ತಿರದ ಗೌನಿಪಲ್ಲಿಯ ಆಸುಪಾಸಿನ ತೋಪುಗಳಲ್ಲಿ ತೋತಾಪುರಿ, ಬಾದಾಮಿ, ನೀಲಂ ಕೀಳುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಚೇಳುಗಳು ಹೆಚ್ಚು ಓಡಾಡುವುದೂ ಇದೇ ಕಾಲದಲ್ಲಿ. ಬೇಸಿಗೆಯ ಕೊನೆಯ ಸೆಕೆ, ಮೊದಲ ಮಳೆಯ ತೇವ ಅವನ್ನು ಕಲ್ಲಿನ ಸಂದಿಯಿಂದ ಹೊರಗೆ ಕರೆಯುತ್ತವೆ. ತರಗೆಲೆ ಬಾಚುವ ಕೈಗೆ, ಕತ್ತಲಲ್ಲಿ ಚಪ್ಪಲಿ ಹುಡುಕುವ ಕಾಲಿಗೆ ಕೊಂಡಿ ತಗಲುತ್ತದೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಈ ಸೀಮೆಯಲ್ಲಿ ‘ತೇಲು ಕುಟ್ಟಿಂದಿ’ (ಚೇಳು ಕಡಿಯಿತು) ಎಂಬ ಕೂಗು ಕೇಳಿದರೆ ಅಕ್ಕಪಕ್ಕದ ತೋಪಿನವರೂ ಓಡಿ ಬರುತ್ತಾರೆ.

ಕೋಲಾರ ಜಿಲ್ಲೆಗೂ ಚೇಳಿಗೂ ನಂಟು ಹಳೆಯದು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಎಂಬ ದೇವತೆಯಿದ್ದಾಳೆ. ಅವಳಿಗೆ ನಡೆದುಕೊಂಡವರನ್ನು ಚೇಳು ಕಡಿಯುವುದಿಲ್ಲವೆಂಬುದು ಜನರ ನಂಬಿಕೆ. ಚೇಳಿಗೆಂದೇ ಒಂದು ದೇವತೆ ನೆಲೆನಿಂತಿರುವ ಈ ಕಲ್ಲುನೆಲದ ಸೀಮೆಯಲ್ಲಿ ಆ ನೋವು ಎಷ್ಟು ಮನೆಗಳನ್ನು ಕಾಡಿರಬೇಕು!

ಆ ನೋವು ಏನು, ಅದನ್ನು ತಗ್ಗಿಸುವ ಮದ್ದು ಹೇಗೆ ಕೆಲಸ ಮಾಡುತ್ತದೆ ಎಂದು ವಿಜ್ಞಾನ ಕಂಡುಕೊಂಡ ಬಗೆ ಸೊಗಸಾದದ್ದು. ಚೇಳಿನ ವಿಷವೂ ನಮ್ಮ ಆಸ್ಪತ್ರೆಗಳ ಮರಗಟ್ಟಿಸುವ ಮದ್ದೂ ದೇಹದಲ್ಲಿ ಮುಟ್ಟುವುದು ಒಂದೇ ಜಾಗವನ್ನು. ವಿಷ ಆ ಬಾಗಿಲನ್ನು ತೆರೆದು ಹಿಡಿಯುತ್ತದೆ, ಮದ್ದು ಅದನ್ನೇ ಮುಚ್ಚುತ್ತದೆ.

ಮೊದಲು ಚೇಳನ್ನು ನೋಡೋಣ. ಎಂಟು ಕಾಲು, ಎರಡು ಇಕ್ಕಳ, ಬಾಲದ ತುದಿಯಲ್ಲಿ ವಿಷದ ಗ್ರಂಥಿ ಮತ್ತು ಕೊಂಡಿ. ಇದು ಕೀಟವಲ್ಲ, ಜೇಡದ ಬಳಗದ ಜೀವಿ. ಹಗಲೆಲ್ಲ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಇದರ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ. ಆ ಬಗೆಯ ಟಾರ್ಚ್ ಹಿಡಿದರೆ ಕಗ್ಗತ್ತಲಲ್ಲೂ ಚೇಳು ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ಕಾಣುವ ದಪ್ಪ ಕರಿ ಚೇಳು ನೋಡಲು ಭೀಕರ, ಆದರೆ ಅದರ ವಿಷ ಸಾಮಾನ್ಯವಾಗಿ ಜೀವ ತೆಗೆಯುವಂಥದ್ದಲ್ಲ. ಹೆದರಬೇಕಾದದ್ದು ಚಿಕ್ಕದಾದ ಕೆಂಪು ಚೇಳಿಗೆ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ತಮಿಳುನಾಡಿನ ಒಣನೆಲದಲ್ಲಿ ವಾಸಿಸುವ ಇದರ ವೈಜ್ಞಾನಿಕ ಹೆಸರು ಹೊಟೆಂಟೋಟ್ಟಾ ಟ್ಯಾಮುಲಸ್. ಇಕ್ಕಳ ಸಣ್ಣಗಿದ್ದು ಬಾಲ ದಪ್ಪಗಿದ್ದರೆ ವಿಷ ಹೆಚ್ಚು ಎಂಬುದು ಗುರುತಿಟ್ಟುಕೊಳ್ಳಲು ಒಂದು ಒಳ್ಳೆಯ ಸುಳಿವು. ಇಕ್ಕಳದಲ್ಲಿ ಬಲವಿಲ್ಲದ ಚೇಳು ಬೇಟೆಗೆ ಕೊಂಡಿಯನ್ನೇ ನೆಚ್ಚಿಕೊಂಡಿರುತ್ತದೆ.

ಕೊಂಡಿ ಚುಚ್ಚಿದಾಗ ಒಳಗೆ ನಡೆಯುವುದೇನು? ನಮ್ಮ ನರಗಳು ಸುದ್ದಿ ಸಾಗಿಸುವುದು ವಿದ್ಯುತ್ತಿನ ಅಲೆಗಳಲ್ಲಿ. ನರದ ಪೊರೆಯ ತುಂಬ ಅತಿ ಸಣ್ಣ ಪ್ರೋಟೀನ್ ಬಾಗಿಲುಗಳಿವೆ. ಒಂದು ಬಾಗಿಲು ತೆರೆದರೆ ಹೊರಗಿನ ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ, ಅಲ್ಲಿ ವಿದ್ಯುತ್ ಒತ್ತಡ ಬದಲಾಗುತ್ತದೆ, ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ. ಹೀಗೆ ಬೆರಳ ತುದಿಯಲ್ಲಿ ಎದ್ದ ಅಲೆ ಬೆನ್ನುಹುರಿಯನ್ನು ತಲುಪುತ್ತದೆ. ತೆರೆದ ಬಾಗಿಲು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ತಾನೇ ಮುಚ್ಚಿಕೊಳ್ಳುವುದರಿಂದ ಅಲೆ ಅಲ್ಲಿಗೆ ನಿಲ್ಲುತ್ತದೆ.

ಕೆಂಪು ಚೇಳಿನ ವಿಷದಲ್ಲಿರುವ ಕೆಲವು ಪುಟ್ಟ ಪ್ರೋಟೀನುಗಳು ಈ ಬಾಗಿಲಿಗೆ ಅಂಟಿಕೊಂಡು ಅದು ಮುಚ್ಚದಂತೆ ತಡೆಯುತ್ತವೆ. ಸೋಡಿಯಂ ಒಳಗೆ ಹರಿಯುತ್ತಲೇ ಇರುತ್ತದೆ, ನರ ಮತ್ತೆ ಮತ್ತೆ ಮಿಡಿಯುತ್ತದೆ. ಚುಚ್ಚಿದ ಗಾಯ ಸಾಸಿವೆಯಷ್ಟೂ ಇರುವುದಿಲ್ಲ, ಆದರೂ ಮಿದುಳಿಗೆ ಹೋಗುವುದು ‘ಉರಿ, ಉರಿ’ ಎಂಬ ಎಡೆಬಿಡದ ಸುದ್ದಿ. ಈ ನೋವಿಗೆ ಎರಡು ಬಗೆಯ ನರತಂತುಗಳಿವೆ. ಒಂದು ಬಗೆಯದು ಸುದ್ದಿಯನ್ನು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸಾಗಿಸಿ ‘ಚುಳ್’ ಎನ್ನಿಸುತ್ತದೆ. ಇನ್ನೊಂದು ಸೆಕೆಂಡಿಗೆ ಒಂದೆರಡು ಮೀಟರಿನಷ್ಟೇ ಸಾಗಿ, ಆಮೇಲೆ ಬರುವ ದೀರ್ಘ ಉರಿಯನ್ನು ತರುತ್ತದೆ.

ಈಗ ಮದ್ದಿನ ಕಡೆ ಬರೋಣ. ಮರಗಟ್ಟಿಸುವ ಮದ್ದಿನ ಕಥೆ ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಶುರುವಾಗುತ್ತದೆ. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್, ಕೊಕೇನ್ ದ್ರಾವಣದ ಹನಿಯನ್ನು ಕಣ್ಣಿಗೆ ಹಾಕಿದರೆ ಕಣ್ಣು ನೋವನ್ನೇ ಅರಿಯುವುದಿಲ್ಲವೆಂದು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತನ್ನದೇ ಕಣ್ಣಿನ ಮೇಲೆ ತೋರಿಸಿದ. ಎಚ್ಚರವಾಗಿರುವ ರೋಗಿಯ ಕಣ್ಣಿಗೆ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಲೋಕಕ್ಕೆ ಗೊತ್ತಾದದ್ದು ಆಗ. ಮೇಲೆ ಹಚ್ಚಿ ಮರಗಟ್ಟಿಸುವ ಚಿಕಿತ್ಸೆ ಹುಟ್ಟಿದ್ದು ಹೀಗೆ. ಆದರೆ ಕೊಕೇನ್ ಚಟ ಹಿಡಿಸುವ, ಹೃದಯವನ್ನು ಕೆಡಿಸುವ ವಸ್ತು. ಅದಕ್ಕೆ ಬದಲಿ ಬೇಕಿತ್ತು.

ಒಳ್ಳೆಯ ಬದಲಿ ಸಿಕ್ಕಿದ್ದು ಸ್ವೀಡನ್ನಿನಲ್ಲಿ, ಬಾರ್ಲಿ ಗಿಡದ ನೆಪದಲ್ಲಿ. ಬಾರ್ಲಿಯಲ್ಲಿರುವ ಒಂದು ರಾಸಾಯನಿಕವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟಾಗ, ಅದನ್ನೇ ಹೋಲುವ ಇನ್ನೊಂದು ವಸ್ತು ಸಿಕ್ಕಿತು. ನಾಲಿಗೆಗೆ ಮುಟ್ಟಿಸಿದರೆ ನಾಲಿಗೆ ಜೋಮು ಹಿಡಿಯಿತು. ಆ ಜಾಡು ಹಿಡಿದ ನಿಲ್ಸ್ ಲೋಫ್‌ಗ್ರೆನ್ ಹಲವು ವಸ್ತುಗಳನ್ನು ತಯಾರಿಸಿ ನೋಡಿ 1943ರಲ್ಲಿ ಲಿಗ್ನೊಕೇನ್ ಕಂಡುಹಿಡಿದ. ಅವನ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. 1948ರಲ್ಲಿ ಜೈಲೊಕೇನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದು ಹಲ್ಲು ಕೀಳಿಸುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಡಾಕ್ಟರು ‘ಮರಗಟ್ಟೋ ಇಂಜೆಕ್ಷನ್ ಕೊಡ್ತೀನಿ’ ಎನ್ನುವುದು ಬಹುಮಟ್ಟಿಗೆ ಇದನ್ನೇ.

ಲಿಗ್ನೊಕೇನ್ ಅಣು ಕೊಬ್ಬಿನಲ್ಲಿ ಕರಗುವ ರೂಪದಲ್ಲಿ ನರದ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ. ಒಳಗೆ ಹೋದ ಮೇಲೆ ವಿದ್ಯುದಾವೇಶ ಪಡೆದು, ಸೋಡಿಯಂ ಬಾಗಿಲಿನ ಒಳಬದಿಯಲ್ಲಿ ಕುಳಿತು ದಾರಿ ಕಟ್ಟುತ್ತದೆ. ಸೋಡಿಯಂ ಬರುವುದಿಲ್ಲ, ಅಲೆ ಏಳುವುದಿಲ್ಲ, ಮಿದುಳಿಗೆ ಸುದ್ದಿಯೇ ತಲುಪುವುದಿಲ್ಲ. ಮತ್ತೆ ಮತ್ತೆ ತೆರೆಯುತ್ತಿರುವ ಬಾಗಿಲನ್ನು ಅದು ಇನ್ನಷ್ಟು ಸುಲಭವಾಗಿ ಹಿಡಿಯುತ್ತದೆ. ನೋವಿನಿಂದ ಮಿಡಿಯುತ್ತಿರುವ ನರಕ್ಕೆ ಮದ್ದು ಚೆನ್ನಾಗಿ ತಾಗುವುದಕ್ಕೆ ಇದೂ ಒಂದು ಕಾರಣ. ಕೀವು ತುಂಬಿದ ಹಲ್ಲಿನ ಬುಡದಲ್ಲಿ ಮಾತ್ರ ಇದು ಸೋಲುತ್ತದೆ. ಅಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಅಣು ಹೊರಗೇ ಆವೇಶ ಪಡೆದು ಪೊರೆಯನ್ನು ದಾಟಲಾರದೆ ಉಳಿಯುತ್ತದೆ. ಹಲ್ಲಿನ ಡಾಕ್ಟರು ಎಷ್ಟೋ ಸಲ ಮೊದಲು ಸೋಂಕು ಇಳಿಸಲು ನೋಡುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮೆಡಿಕಲ್ ಶಾಪಿನಿಂದ ಲಿಗ್ನೊಕೇನ್ ಮುಲಾಮು ತಂದು ಚೇಳು ಕಡಿದ ಜಾಗಕ್ಕೆ ಹಚ್ಚಿದರೆ ಸಾಲದೇ? ಸಾಲದು. ನಮ್ಮ ಚರ್ಮದ ಹೊರಪದರ ಒಂದು ಕೂದಲಿಗಿಂತ ತೆಳ್ಳಗಿದ್ದರೂ ಬಿಗಿಯಾದ ಬೇಲಿ. ಬಾಯಿ, ಗಂಟಲು, ಮೂತ್ರನಾಳದ ಒಳಗಿನ ಹಸಿ ಪದರಕ್ಕೆ ಆ ಬೇಲಿ ಇಲ್ಲ. ಆದ್ದರಿಂದ ಅಲ್ಲಿ ಜೆಲ್ಲಿ, ಸ್ಪ್ರೇ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತವೆ. ಮೂತ್ರದ ಕೊಳವೆ ಹಾಕುವಾಗ 2% ಜೆಲ್ಲಿ, ಗಂಟಲೊಳಗೆ ಕ್ಯಾಮೆರಾ ಇಳಿಸುವಾಗ 10% ಸ್ಪ್ರೇ ಬಳಸುವುದು ಅದಕ್ಕೇ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಈಗ ಎಷ್ಟೋ ಕಡೆ ಬರೀ ಹನಿ ಹಾಕಿಯೇ ಮಾಡುತ್ತಾರೆ.

ಚರ್ಮವನ್ನು ದಾಟುವ ಉಪಾಯವನ್ನೂ ಸ್ವೀಡನ್ನಿನವರೇ ಕಂಡುಕೊಂಡರು. ಲಿಗ್ನೊಕೇನ್ ಸುಮಾರು 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಹರಳು, ಅದರ ಬಂಧು ಪ್ರಿಲೊಕೇನ್ ಸುಮಾರು 37 ಡಿಗ್ರಿಯಲ್ಲಿ ಕರಗುತ್ತದೆ. ಎರಡನ್ನೂ ಸಮನಾಗಿ ಬೆರೆಸಿದರೆ ಮಿಶ್ರಣ ಸುಮಾರು 18 ಡಿಗ್ರಿಯಲ್ಲೇ ಎಣ್ಣೆಯಂತೆ ದ್ರವವಾಗುತ್ತದೆ. ಈ ಎಣ್ಣೆಯ ಹನಿಗಳಿರುವ ಕ್ರೀಮನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ಒಂದು ಗಂಟೆಯಲ್ಲಿ ಸುಮಾರು 3 ಮಿಲಿಮೀಟರ್, ಎರಡು ಗಂಟೆಯಲ್ಲಿ ಸುಮಾರು 5 ಮಿಲಿಮೀಟರ್ ಆಳದವರೆಗೆ ಚರ್ಮ ಮರಗಟ್ಟುತ್ತದೆ. ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳಬೇಕಾದ ಮಕ್ಕಳಿಗೆ ಇದು ದೊಡ್ಡ ಉಪಕಾರ. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿಗೆ 5% ಲಿಗ್ನೊಕೇನಿನ ಪಟ್ಟಿಗಳಿವೆ. ದಿನಕ್ಕೆ 12 ಗಂಟೆ ಅಂಟಿಸಿ, 12 ಗಂಟೆ ತೆಗೆದಿಡಬೇಕು.

ಚೇಳು ಕಡಿದವರಿಗೆ ಗಂಟೆಗಟ್ಟಲೆ ಕಾಯುವ ಸಮಯವಿಲ್ಲ. ವಿಷ ಚರ್ಮದ ಕೆಳಗಿದೆ, ಬೆರಳಿನ ಚರ್ಮವಂತೂ ಬಲು ದಪ್ಪ. ಆದ್ದರಿಂದ ವೈದ್ಯರು ಲಿಗ್ನೊಕೇನನ್ನು ಕಡಿದ ಜಾಗದ ಸುತ್ತ ಅಥವಾ ಬೆರಳಿನ ಬುಡದ ನರಗಳ ಬಳಿ ಚುಚ್ಚುತ್ತಾರೆ. ಕೆಲವೇ ನಿಮಿಷಗಳಲ್ಲಿ ಉರಿ ಇಳಿದು, ಅಳುತ್ತಿದ್ದವರು ಉಸಿರು ಬಿಟ್ಟು ಮಾತಾಡುತ್ತಾರೆ. ನೋವಿನ ಶಮನಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಅದರ ಪರಿಣಾಮ ಒಂದೆರಡು ಗಂಟೆ ಮಾತ್ರ, ನೋವು ಮರಳಬಹುದು ಎಂಬುದು ಮೊದಲೇ ತಿಳಿದಿರಲಿ.

ಇಲ್ಲೇ ಅತಿ ಮುಖ್ಯವಾದ ಮಾತು. ಲಿಗ್ನೊಕೇನ್ ನೋವನ್ನು ತಡೆಯುತ್ತದೆ, ವಿಷವನ್ನು ತಡೆಯುವುದಿಲ್ಲ. ಕೆಂಪು ಚೇಳಿನ ವಿಷ ರಕ್ತಕ್ಕೆ ಸೇರಿದರೆ ದೇಹದ ಎಲ್ಲೆಡೆಯ ನರತುದಿಗಳಲ್ಲಿ ಅದೇ ಬಾಗಿಲುಗಳನ್ನು ತೆರೆದಿಡುತ್ತದೆ. ಅಡ್ರಿನಲಿನ್‌ನಂಥ ರಸಗಳು ಪ್ರವಾಹದಂತೆ ಸುರಿಯುತ್ತವೆ. ರಕ್ತದ ಒತ್ತಡ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೈಯೆಲ್ಲ ಬೆವರುತ್ತದೆ, ವಾಂತಿಯಾಗುತ್ತದೆ. ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಕ್ಕಳಲ್ಲಿ ಇದು ಬೇಗ ಕೈಮೀರುತ್ತದೆ.

ಇದಕ್ಕೆ ದಾರಿ ತೋರಿಸಿದವರು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಎಂಬ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಈ ರೋಗಿಗಳನ್ನು ಉಳಿಸಬಲ್ಲದೆಂದು ಅವರು 1980ರ ದಶಕದಲ್ಲಿ ಹಳ್ಳಿಯ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತ ಕಂಡುಕೊಂಡರು. ಪ್ರಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂಬ ಅವರ ಅಧ್ಯಯನ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಪ್ರಯೋಗಾಲಯವಿಲ್ಲದ ಊರಿನಲ್ಲಿ ರೋಗಿಯ ಮಂಚದ ಪಕ್ಕ ಕುಳಿತು ಮಾಡಿದ ಈ ಕೆಲಸ ನಮ್ಮ ಕಾಲದ ವೈದ್ಯವಿಜ್ಞಾನದ ಹೆಮ್ಮೆ.

ಹುಣಸೆ ಬೀಜವನ್ನು ಕಲ್ಲಿನ ಮೇಲೆ ತೇಯ್ದು ಕಡಿದ ಜಾಗಕ್ಕೆ ಅಂಟಿಸುವುದು, ಮಂತ್ರ ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಎಷ್ಟೋ ಸಲ ಅದರಿಂದಲೇ ವಾಸಿಯಾಯಿತೆಂದು ಜನ ನಂಬುತ್ತಾರೆ. ಕಚ್ಚುವ ಚೇಳುಗಳಲ್ಲಿ ಹೆಚ್ಚಿನವು ಸೌಮ್ಯ ಜಾತಿಯವು, ಅವುಗಳ ನೋವು ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಬೀಜ ಅಂಟಿಸಿದರೂ ಇಳಿಯುತ್ತದೆ, ಅಂಟಿಸದಿದ್ದರೂ ಇಳಿಯುತ್ತದೆ. ಕೆಂಪು ಚೇಳು ಕಡಿದ ಮಗುವಿಗೆ ಮಾತ್ರ ಆ ಕಾಯುವಿಕೆ ಪ್ರಾಣಕ್ಕೆ ಎರವಾಗುತ್ತದೆ.

ಮೇಲೆ ಹಚ್ಚುವ ಮದ್ದುಗಳನ್ನೂ ಹಗುರವಾಗಿ ಕಾಣುವಂತಿಲ್ಲ. ಹೆಚ್ಚು ಜಾಗಕ್ಕೆ ಹಚ್ಚಿ ಪ್ಲಾಸ್ಟಿಕ್ ಸುತ್ತಿದರೆ ಮದ್ದು ರಕ್ತಕ್ಕೆ ಸೇರಿ ಫಿಟ್ಸ್ ಬರಿಸಬಹುದು, ಹೃದಯದ ಬಡಿತ ಕೆಡಿಸಬಹುದು. ಅಮೆರಿಕದಲ್ಲಿ ಲೇಸರ್‌ನಿಂದ ಕೂದಲು ತೆಗೆಸುವ ಮೊದಲು ಇಂಥ ಕ್ರೀಮನ್ನು ಕಾಲಿಗೆ ಹಚ್ಚಿ ಸುತ್ತಿಕೊಂಡ ಇಬ್ಬರು ಯುವತಿಯರು ತೀರಿಕೊಂಡ ಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಹಲ್ಲು ಬರುವ ಕೂಸಿನ ಒಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದು ಅದೇ ಸಂಸ್ಥೆ 2018ರಲ್ಲಿ ಹೇಳಿತು. ಕಣ್ಣನ್ನು ಮರಗಟ್ಟಿಸುವ ಹನಿಯನ್ನು ಮನೆಗೆ ತಂದು ಪದೇ ಪದೇ ಹಾಕಿಕೊಂಡರೆ ಕಣ್ಣಿನ ಪಾರದರ್ಶಕ ಪಟಲವೇ ಕರಗಿ ಹೋಗಬಹುದು.

ಚೇಳಿನ ವಿಷ ವಿಜ್ಞಾನಕ್ಕೆ ಪಾಠವನ್ನೂ ಕಲಿಸಿದೆ. ನಮ್ಮ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಬೇರ್ಪಡಿಸಿದ ಐಬೀರಿಯೊಟಾಕ್ಸಿನ್, ಪೊಟ್ಯಾಸಿಯಂ ಬಾಗಿಲುಗಳ ಅಧ್ಯಯನಕ್ಕೆ ಇಂದು ಲೋಕದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದ ಮರಳುಗಾಡಿನ ಒಂದು ಜಾತಿಯ ಇಲಿ ಅಲ್ಲಿನ ವಿಷಚೇಳನ್ನೂ ಬೇಟೆಯಾಡಿ ತಿನ್ನುತ್ತದೆ. ಆ ಇಲಿಯ ನರಗಳಲ್ಲಿ ವಿಷವು ಸೋಡಿಯಂ ಬಾಗಿಲುಗಳ ಒಂದು ಜಾತಿಯನ್ನು ತೆರೆಯುವ ಬದಲು ಮುಚ್ಚಿ, ನೋವನ್ನೇ ಶಮನ ಮಾಡುತ್ತದೆಂದು 2013ರಲ್ಲಿ ಗೊತ್ತಾಯಿತು. ಅದೇ ಜಾತಿಯ ಬಾಗಿಲನ್ನು ಮನುಷ್ಯರಲ್ಲಿ ಮುಚ್ಚುವ ಸುಜೆಟ್ರಿಜಿನ್ ಎಂಬ ನೋವಿನ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಗೌನಿಪಲ್ಲಿಯ ತೋಪಿನಲ್ಲಿ ದುಡಿಯುವವರಿಗೂ ಅವರ ಮನೆಯವರಿಗೂ ಹೇಳಬೇಕಾದದ್ದು ಇಷ್ಟು. ತರಗೆಲೆ, ಕಲ್ಲು, ಸೌದೆ ಎತ್ತುವ ಮೊದಲು ಕೋಲಿನಿಂದ ಸರಿಸಿ ನೋಡಿ, ಕಾಲಿಗೆ ಬೂಟು ಇರಲಿ, ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಕಡಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಬೆವರು, ವಾಂತಿ, ತಣ್ಣನೆಯ ಕೈಕಾಲು ಕಂಡರೆ, ಅಥವಾ ಕಡಿಸಿಕೊಂಡದ್ದು ಮಗುವಾದರೆ, ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಿ. ಲಿಗ್ನೊಕೇನ್‌ನಿಂದ ಉರಿ ಇಳಿದ ಮೇಲೂ, ಡಾಕ್ಟರು ಹೋಗಿ ಎನ್ನುವವರೆಗೆ ಆಸ್ಪತ್ರೆ ಬಿಟ್ಟು ಬರಬೇಡಿ.