ಬಡತನದ ಗೆರೆ ಮತ್ತು ಬಾಕಿಯ ಅವಧಿ

2000ದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಸಂಸ್ಥೆಯ ಶೃಂಗಸಭೆಯಲ್ಲಿ 189 ರಾಷ್ಟ್ರಗಳು ಅಂಗೀಕರಿಸಿದ ಘೋಷಣೆಯಿಂದ 8 ಸಹಸ್ರಮಾನ ಅಭಿವೃದ್ಧಿ ಗುರಿಗಳು ರೂಪುಗೊಂಡವು. 1990ರಲ್ಲಿದ್ದ ಕಡುಬಡವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕೆ ಇಳಿಸುವುದು ಅವುಗಳಲ್ಲಿ ಮೊದಲನೆಯದು. ಅವಧಿಗೆ ಐದು ವರ್ಷ ಮುಂಚಿತವಾಗಿ, 2010ರ ವೇಳೆಗೇ ಆ ಗುರಿಯನ್ನು ಮುಟ್ಟಲಾಯಿತು. 1990ರಲ್ಲಿ 190 ಕೋಟಿಯಷ್ಟಿದ್ದ ಕಡುಬಡವರ ಸಂಖ್ಯೆ 2015ರಲ್ಲಿ 83.6 ಕೋಟಿಗೆ ಇಳಿದಿತ್ತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದೇ ವರ್ಷ ಅಂಗೀಕೃತವಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳು 2030ರೊಳಗೆ ಕಡುಬಡತನವನ್ನು ಸಂಪೂರ್ಣ ನಿವಾರಿಸುವ ಸಂಕಲ್ಪ ಮಾಡಿವೆ.

ಈ ಅಂಕಿಗಳನ್ನು ಓದುವಾಗ ಅಳತೆಗೋಲನ್ನೂ ಗಮನಿಸಬೇಕು. ದಿನಕ್ಕೆ 1 ಡಾಲರ್ ಎಂದಿದ್ದ ವಿಶ್ವಬ್ಯಾಂಕಿನ ಗೆರೆ ಕ್ರಮೇಣ 1.25, 1.90 ಮತ್ತು 2.15ಕ್ಕೆ ಏರಿ 2025ರಲ್ಲಿ 3 ಡಾಲರ್ ಆಯಿತು. 2022-23ರ ಭಾರತದಲ್ಲಿ ಕಡುಬಡವರು 2.15ರ ಗೆರೆಯಂತೆ ಶೇ. 2.3, 3 ಡಾಲರ್ ಗೆರೆಯಂತೆ ಶೇ. 5.3. ಮೌಲ್ಯಮಾಪನದ ಪದ್ಧತಿ ಬದಲಾದೊಡನೆ ದಾಸ್ತಾನಿನ ಬೆಲೆ ಬದಲಾಗುತ್ತದೆ, ಗೋದಾಮಿನೊಳಗಿನ ಸರಕು ಮಾತ್ರ ಅಷ್ಟೇ ಇರುತ್ತದೆ. ಆದರೂ ಇಳಿಕೆ ನಿಜವೆಂಬುದರಲ್ಲಿ ಸಂದೇಹವಿಲ್ಲ. ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕದ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 12.77ರಷ್ಟಿದ್ದ ಬಡವರ ಪ್ರಮಾಣ 2019-21ರ ಹೊತ್ತಿಗೆ ಶೇ. 7.58ಕ್ಕೆ ಇಳಿಯಿತು. ಪೌಷ್ಟಿಕತೆ, ಶಾಲಾ ಹಾಜರಾತಿ, ಅಡುಗೆ ಇಂಧನ, ಬ್ಯಾಂಕ್ ಖಾತೆ ಮೊದಲಾದ 12 ಮಾನದಂಡಗಳು ಆ ಸೂಚ್ಯಂಕದಲ್ಲಿವೆ. ಖಾತೆ ಇದೆಯೇ ಎಂದು ಅದು ಕೇಳುತ್ತದೆ, ಸಾಲವೆಷ್ಟಿದೆ ಎಂದು ಕೇಳುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಆರ್ಥಿಕ ಸ್ಥಿತಿಯನ್ನು ಅರಿಯಲು ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ಜಮಖಂಡಿ ಭಾಗದ ಏಳಿಗೆಯ ಮೂಲ ನೀರು. ಸಹಸ್ರಮಾನ ಗುರಿಗಳಿಗೆ 11 ವರ್ಷ ಮೊದಲೇ, 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸ್ವಂತ ವಂತಿಗೆ ಮತ್ತು ಶ್ರಮದಿಂದ ಚಿಕ್ಕಪಡಸಲಗಿ ಬಳಿ ಬ್ಯಾರೇಜು ಕಟ್ಟಿ, ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ನೀರು ಬಂದಲ್ಲಿ ಕಬ್ಬು ಬಂದಿತು. ಆದರೆ ಕಬ್ಬು ಹಣವಾಗುವುದು ಕಾರ್ಖಾನೆಯ ಬಿಲ್ಲು ಕೈಸೇರಿದಾಗ ಮಾತ್ರ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ವಿಳಂಬವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು. ಮುಧೋಳ ಸೀಮೆಯ ಕಬ್ಬು ಬೆಳೆಗಾರರ ಹೋರಾಟಗಳಲ್ಲಿ ದರದ ಬೇಡಿಕೆಯ ಜೊತೆಗೆ ಬಾಕಿಯ ಮಾತೂ ಮತ್ತೆ ಮತ್ತೆ ಕೇಳಿಬರುವುದಕ್ಕೆ ಕಾರಣವಿದೆ. ಬಿಲ್ಲು ತಡವಾದರೆ ಗೊಬ್ಬರದ ಅಂಗಡಿ, ಕಿರಾಣಿ, ಬಟ್ಟೆ ವ್ಯಾಪಾರಗಳ ಉದ್ರಿಯೂ ಬೆಳೆಯುತ್ತದೆ.

ಬೀಳಗಿಯ ಸ್ಥಿತಿ ಬೇರೆ. ಆಲಮಟ್ಟಿಯ ಹಿನ್ನೀರು ಈ ತಾಲ್ಲೂಕಿನ ನದೀತೀರದ ಫಲವತ್ತಾದ ಭೂಮಿಯನ್ನು ನುಂಗಿತು. ಕೃಷ್ಣಾ ಮೇಲ್ದಂಡೆ ಯೋಜನೆಯ 3ನೆಯ ಹಂತದಲ್ಲಿ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿಗದಿಪಡಿಸಿತು. ಪರಿಹಾರವು ಬಂಡವಾಳ ರೂಪದ ಜಮೆ. ಅದು ಹೊಸ ದುಡಿಮೆಯಲ್ಲಿ ತೊಡಗದಿದ್ದರೆ ಕೆಲವೇ ವರ್ಷಗಳಲ್ಲಿ ಮನೆ, ಮದುವೆ, ವಾಹನಗಳಲ್ಲಿ ಕರಗುತ್ತದೆ.

ರಬಕವಿ-ಬನಹಟ್ಟಿಯ ನೇಕಾರ ಕುಟುಂಬಗಳಿಗೆ ಇಂತಹ ಒಂದೇ ಗಂಟಿನ ಹಣವೂ ಇಲ್ಲ. ಮಾಲೀಕರು ನೂಲು ಕೊಡುತ್ತಾರೆ, ಕೂಲಿ ನೇಕಾರರು ಸೀರೆಗೆ ಇಷ್ಟೆಂಬ ಲೆಕ್ಕದಲ್ಲಿ ನೇಯ್ದುಕೊಡುತ್ತಾರೆ. ಮಗ್ಗ ನಿಂತ ದಿನ ಕೂಲಿಯಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳ ಪ್ರವಾಹ ತೀರದ ಊರುಗಳಿಗೆ ನುಗ್ಗಿತು. ಅದರಿಂದ ಚೇತರಿಸಿಕೊಳ್ಳುವ ಮುನ್ನವೇ 2020ರ ಮಾರ್ಚ್‌ನ ಲಾಕ್‌ಡೌನ್ ಮಹಾರಾಷ್ಟ್ರದ ಸೀರೆ ಮಾರುಕಟ್ಟೆಗಳನ್ನು ಮುಚ್ಚಿತು. ಆ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7 ಕೋಟಿ ಜನ ಮತ್ತೆ ಕಡುಬಡತನಕ್ಕೆ ಜಾರಿದರೆಂಬುದು ವಿಶ್ವಬ್ಯಾಂಕಿನ ಅಂದಾಜು. ಸುಸ್ಥಿರ ಗುರಿಗಳ ಪೈಕಿ 1.5ನೆಯ ಉಪಗುರಿ, ಬಡವರಿಗೆ ಇಂತಹ ಆಘಾತಗಳನ್ನು ತಾಳಿಕೊಳ್ಳುವ ಶಕ್ತಿ ಬರಬೇಕೆನ್ನುತ್ತದೆ. ತಿಂಗಳೆರಡು ತಿಂಗಳ ಖರ್ಚಿನ ಹಣ ಮನೆಯಲ್ಲಿರುವುದೇ ಆ ಶಕ್ತಿ.

ಸರ್ಕಾರದ ನೆರವು ಇಲ್ಲವೆಂದಲ್ಲ. 2020ರಲ್ಲಿ ಆರಂಭವಾದ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ದೊರೆಯಿತು, ಮುಂದೆ ಅದು 5,000 ಆಯಿತು. 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಸೌಲಭ್ಯವನ್ನು 2023ರಲ್ಲಿ ನೀಡಲಾಯಿತು. ಕೃತಕ ನೂಲಿನ ಮೇಲಿನ ಶೇ. 12ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದುದರಿಂದ, ಶೇ. 5ರ ಬಟ್ಟೆ ಮಾರುವವರ ಬಂಡವಾಳ ತೆರಿಗೆ ಮರುಪಾವತಿಗೆ ಕಾಯುತ್ತ ಸಿಲುಕುವುದೂ ತಗ್ಗಿತು. ಇಷ್ಟಾದರೂ ಮಾರಿದ ಮಾಲಿನ ಹಣ ಮೂರು ನಾಲ್ಕು ತಿಂಗಳು ಬಾರದಿದ್ದರೆ ಸಣ್ಣ ಘಟಕದವನು ಕೈಸಾಲಕ್ಕೆ ಹೋಗುತ್ತಾನೆ. ಸಹಾಯಧನದಲ್ಲಿ ಉಳಿದದ್ದು ಬಡ್ಡಿಯಲ್ಲಿ ಹೋಗುತ್ತದೆ.

ವರ್ತಕ ಬಾಂಧವರ ಕೈಯಲ್ಲಿರುವ ಪರಿಹಾರ ಇಲ್ಲಿಯೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನಷ್ಟು ಬಲ ತಂದಿತು. ಆದಾಯ ತೆರಿಗೆ ಕಾಯ್ದೆಗೆ ಅದು ಸೇರಿಸಿದ 43ಬಿ(ಎಚ್) ನಿಯಮದಂತೆ, ಅವಧಿ ಮೀರಿದ ಬಾಕಿಯು ಅದನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಪರಿಗಣಿತವಾಗುತ್ತದೆ. ಮಾರ್ಚ್ ತಿಂಗಳಿನಲ್ಲಿ ಬಾಕಿ ಉಳಿಸಿಕೊಂಡವರು ಪಡೆಯದ ಲಾಭಕ್ಕೂ ತೆರಿಗೆ ಕಟ್ಟುವ ಪ್ರಸಂಗ ಬರುತ್ತದೆ.

ಈ ರಕ್ಷಣೆ ಪಡೆಯಲು ಮಾಲು ಕೊಡುವ ಘಟಕ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿಗೆ ಶುಲ್ಕವಿಲ್ಲ. ನಾಲ್ಕಾರು ಮಗ್ಗಗಳನ್ನಿಟ್ಟು ಜಾಬ್ ವರ್ಕ್ ಮಾಡುವವರು ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಮುದ್ರಿಸುವುದು ಲೇಸು. ಆದರೆ ಪರರ ಮಗ್ಗದಲ್ಲಿ ಪರರ ನೂಲು ನೇಯುವ ಕೂಲಿ ನೇಕಾರರಿಗೆ ಬಿಲ್ಲೇ ಇರುವುದಿಲ್ಲ, ಹೀಗಾಗಿ 45 ದಿನಗಳ ಈ ನಿಯಮ ಅವರನ್ನು ತಲುಪುವುದಿಲ್ಲ. ಅವರ ವಾರದ ಬಟವಾಡೆ, ಮಾಲೀಕರಿಗೆ ಮಾರುಕಟ್ಟೆಯಿಂದ ಹಣ ಎಂದು ಬರುತ್ತದೆ ಎಂಬುದನ್ನೇ ಅವಲಂಬಿಸಿದೆ.